ಡೆಸ್ಕ್‌ಟಾಪ್‌ಗೆ ರ‍್ಯಾಮ್ ಏರಿಸುವ ಮುನ್ನ: ಯಾವ ವೇಗದ ಸ್ಟಿಕ್ ತರಬೇಕು?

‘ಎಂಟು ಜಿಬಿ ಐತ್ರೀ. ಇನ್ನೊಂದು ಎಂಟು ಹಾಕಬೇಕಂದ್ರ ಅಂಗಡ್ಯಾಗ 3200 ಅಷ್ಟ ಅದ ಅಂತಾರ. ನಂದು 2400. ನಡೀತದೇನ್ರಿ?’

ಬೆಳಗಾವಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಬಾಗಲಕೋಟೆಯ ಡಿಟಿಪಿ ಅಂಗಡಿಯವರು, ವಿಜಯಪುರದಲ್ಲಿ ಮದುವೆ ಆಲ್ಬಂ ಮಾಡುವ ಸ್ಟುಡಿಯೋದವರು ಎಲ್ಲರೂ ತಿರುಗಿ ತಿರುಗಿ ಕೇಳುವುದು ಇದನ್ನೇ: ಹಳೆಯ ರ‍್ಯಾಮ್ (ಕಂಪ್ಯೂಟರಿನ ತಾತ್ಕಾಲಿಕ ಮೆಮೊರಿ) ಸ್ಟಿಕ್ಕಿನ ಪಕ್ಕ ಬೇರೆ ವೇಗದ್ದು ನಡೆಯುತ್ತದೆಯೇ? ಉತ್ತರ ಚಿಕ್ಕದು: ಬಹುಪಾಲು ನಡೆಯುತ್ತದೆ, ಆದರೆ 2400ರಲ್ಲೇ ನಡೆಯುತ್ತದೆ. ಕೆಲವು ಸಲ ಅದಕ್ಕೂ ಕೆಳಗೆ ಇಳಿಯುತ್ತದೆ, ಕೆಲವು ಸಲ ಪರದೆಯೇ ಬರುವುದಿಲ್ಲ. ನಿಮ್ಮ ಮಷಿನ್ನಿನಲ್ಲಿ ಏನಾದೀತು ಎಂಬುದನ್ನು ದುಡ್ಡು ಕೊಡುವ ಮೊದಲೇ ತಿಳಿದುಕೊಳ್ಳಬಹುದು. ನಮ್ಮ ಕಡೆಯ ಸಣ್ಣ ಅಂಗಡಿಗಳಲ್ಲಿ ಇಲ್ಲದ ಮಾಲು ಹುಬ್ಬಳ್ಳಿಯಿಂದಲೋ ಸೋಲಾಪುರದಿಂದಲೋ ಬರಬೇಕು. ತಪ್ಪು ಸ್ಟಿಕ್ ಬಂದರೆ ಅದು ಬದಲಾಗಿ ಬರುವ ತನಕ ನಿಮ್ಮ ಕೆಲಸ ನಿಂತಿರುತ್ತದೆ. ಹಾಗಾಗಿ ಆರ್ಡರ್ ಕೊಡುವ ಮೊದಲಿನ ಅರ್ಧ ಗಂಟೆಯೇ ಮುಖ್ಯ.

ಬೇಕಾಗುವ ಸಾಮಾನು: ಒಂದು ಸ್ಟಾರ್ ಸ್ಕ್ರೂಡ್ರೈವರ್, ಮೆತ್ತನೆಯ ಪೇಂಟ್ ಬ್ರಷ್, ಬಿಳಿ ರಬ್ಬರ್, ಮೊಬೈಲಿನ ಟಾರ್ಚು ಮತ್ತು ಕ್ಯಾಮೆರಾ, ಬರೆದುಕೊಳ್ಳಲು ಒಂದು ಚೀಟಿ. ಜೊತೆಗೆ ಸಿಪಿಯು-ಜೆಡ್ ಎಂಬ ಉಚಿತ ತಂತ್ರಾಂಶ.

1. ಈಗ ಏನಿದೆ ಎಂದು ಬರೆದುಕೊಳ್ಳಿ

ನೀವು ದಿನಾ ಬಳಸುವ ಪ್ರೋಗ್ರಾಂಗಳನ್ನೆಲ್ಲ ತೆರೆದಿಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿಗಳನ್ನು ಕೂಡಿಸಿ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿ ಆರಿಸಿ. ಅಲ್ಲಿರುವ ಮೂರು ಸಾಲು ಚೀಟಿಗೆ ಇಳಿಯಲಿ: ಸ್ಪೀಡ್, ಸ್ಲಾಟ್ಸ್ ಯೂಸ್ಡ್, ಫಾರ್ಮ್ ಫ್ಯಾಕ್ಟರ್. ಫಾರ್ಮ್ ಫ್ಯಾಕ್ಟರ್ ಎದುರಿಗೆ ಡಿಮ್ ಎಂದಿದ್ದರೆ ಡೆಸ್ಕ್‌ಟಾಪಿನ ಉದ್ದ ಸ್ಟಿಕ್. ಸೋಡಿಮ್ ಎಂದಿದ್ದರೆ ಲ್ಯಾಪ್‌ಟಾಪಿನ ಗಿಡ್ಡ ಸ್ಟಿಕ್. ಕಚೇರಿಗಳಿಂದ ಸೆಕೆಂಡ್ ಹ್ಯಾಂಡ್ ಆಗಿ ಬರುವ, ಪುಸ್ತಕದಷ್ಟೇ ದೊಡ್ಡದಾದ ಪುಟ್ಟ ಡೆಸ್ಕ್‌ಟಾಪ್‌ಗಳಲ್ಲಿ ಸೋಡಿಮ್ ಇರುವುದು ಸಾಮಾನ್ಯ. ಮೇಜಿನ ಮೇಲೆ ಕೂಡುವ ಕಂಪ್ಯೂಟರ್ ಎಂದ ಮಾತ್ರಕ್ಕೆ ಉದ್ದ ಸ್ಟಿಕ್ ತಂದುಬಿಡಬೇಡಿ.

ಮೆಮೊರಿ ನಿಜಕ್ಕೂ ಸಾಲುತ್ತಿಲ್ಲವೇ ಎಂಬುದನ್ನೂ ಇಲ್ಲೇ ನೋಡಿ. ಕೆಲಸ ನಡೆದಾಗ ಮೆಮೊರಿ ಶೇಕಡಾ 50ರಲ್ಲಿದ್ದು ಡಿಸ್ಕ್ ಮಾತ್ರ 100ರಲ್ಲಿ ಕೂತಿದ್ದರೆ ಮೊದಲು ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ಗಿಂತ ವೇಗದ ಡಿಸ್ಕ್) ಹಾಕಿಸಿ, ರ‍್ಯಾಮ್ ಆಮೇಲೆ. ವಿಂಡೋಸ್ 32 ಬಿಟ್‌ನದಾಗಿದ್ದರೆ 4 ಜಿಬಿ ಮೇಲೆ ಎಷ್ಟು ಹಾಕಿದರೂ ಅದಕ್ಕೆ ಬಳಸಲು ಬಾರದು. ಮೊದಲು 64 ಬಿಟ್ ವಿಂಡೋಸ್ ಹಾಕಿಕೊಳ್ಳಬೇಕು.

ಈಗ ಸಿಪಿಯು-ಜೆಡ್ ತೆರೆಯಿರಿ. ಮೈನ್‌ಬೋರ್ಡ್ ಪುಟದಿಂದ ಮದರ್‌ಬೋರ್ಡಿನ ಪೂರ್ತಿ ಮಾಡೆಲ್ ಹೆಸರು, ಮೊದಲ ಪುಟದಿಂದ ಪ್ರೊಸೆಸರಿನ ಹೆಸರು ಬರೆದುಕೊಳ್ಳಿ. ಮೆಮೊರಿ ಪುಟದಲ್ಲಿ ಡಿರ‍್ಯಾಮ್ ಫ್ರೀಕ್ವೆನ್ಸಿ 1200 ಎಂದು ತೋರಿದರೆ ಗಾಬರಿ ಬೇಡ. ಡಿಡಿಆರ್ ಎಂದರೆ ಗಡಿಯಾರದ ಒಂದು ಬಡಿತಕ್ಕೆ ಎರಡು ಸಲ ಡೇಟಾ ಸಾಗಿಸುವ ಮೆಮೊರಿ. ಬಡಿತ 1200 ಇದ್ದರೆ ಸಾಗಣೆ 2400. ಡಬ್ಬಿಯ ಮೇಲೆ ಬರೆಯುವುದು ಈ ದುಪ್ಪಟ್ಟು ಅಂಕಿಯನ್ನು. ‘3200 ಅಂತ ಮಾರಿ 1600 ಕೊಟ್ಟಾರ’ ಎಂದು ಅಂಗಡಿಯವರ ಜೊತೆ ಜಗಳಕ್ಕೆ ಹೋಗುವ ಮೊದಲು ಇದು ನೆನಪಿರಲಿ.

2. ತಲೆಮಾರು ಒಂದೇ ಇರಬೇಕು

ಡಿಡಿಆರ್3, ಡಿಡಿಆರ್4, ಡಿಡಿಆರ್5 ಒಂದರ ಜಾಗದಲ್ಲಿ ಇನ್ನೊಂದು ಕೂಡುವುದಿಲ್ಲ. ಡಿಡಿಆರ್3ಕ್ಕೆ 240 ಪಿನ್, 1.5 ವೋಲ್ಟ್. ಡಿಡಿಆರ್4ಕ್ಕೆ 288 ಪಿನ್, 1.2 ವೋಲ್ಟ್. ಡಿಡಿಆರ್5ಕ್ಕೂ 288 ಪಿನ್ನೇ, ಆದರೆ 1.1 ವೋಲ್ಟ್, ಮತ್ತು ಕೆಳಗಿನ ಕಚ್ಚು ಬೇರೆ ಜಾಗದಲ್ಲಿರುತ್ತದೆ. ಕೂಡಲಿಲ್ಲವೆಂದು ಒತ್ತಾಯ ಮಾಡಿದರೆ ಸ್ಲಾಟ್ ಸೀಳುತ್ತದೆ, ಬೋರ್ಡೇ ಹೋಗುತ್ತದೆ.

ಇಂಟೆಲ್ 12, 13, 14ನೇ ತಲೆಮಾರಿನವರು ಇಲ್ಲಿ ಎಚ್ಚರವಾಗಿರಬೇಕು. ಎಚ್610, ಬಿ660, ಬಿ760 ಬೋರ್ಡ್‌ಗಳು ಡಿಡಿಆರ್4ಕ್ಕೊಂದು, ಡಿಡಿಆರ್5ಕ್ಕೊಂದು ಎಂದು ಎರಡು ರೂಪದಲ್ಲಿ ಬಂದಿವೆ. ಪ್ರೊಸೆಸರಿನ ಹೆಸರು ನೋಡಿ ನಿರ್ಧರಿಸಲಾಗದು, ಬೋರ್ಡನ್ನೇ ನೋಡಬೇಕು. ಎಎಂಡಿಯಲ್ಲಿ ಈ ಗೊಂದಲವಿಲ್ಲ: ಎಎಂ4 ಸಾಕೆಟ್ ಆದರೆ ಡಿಡಿಆರ್4, ಎಎಂ5 ಆದರೆ ಡಿಡಿಆರ್5.

ಹಳೆಯ ಡಿಡಿಆರ್3 ಮಷಿನ್ ಇಟ್ಟುಕೊಂಡವರಿಗೆ ಮೂರು ಮಾತು. ಮೊದಲನೆಯದು, ಇಂಟೆಲ್ 4ನೇ ತಲೆಮಾರಿನ ತನಕದ ಬೋರ್ಡುಗಳು 8 ಜಿಬಿ ಸ್ಟಿಕ್ಕಿನಲ್ಲಿ 16 ಚಿಪ್ ಇದ್ದರೆ, ಅಂದರೆ ಎರಡೂ ಬದಿಗೆ ಎಂಟೆಂಟು ಇದ್ದರೆ ಮಾತ್ರ ಓದುತ್ತವೆ. ಒಂದೇ ಬದಿಗೆ ಎಂಟು ಚಿಪ್ ಇರುವ 8 ಜಿಬಿ ಡಿಡಿಆರ್3 ಸ್ಟಿಕ್ ಇವುಗಳಲ್ಲಿ ಏಳುವುದಿಲ್ಲ. ಎರಡನೆಯದು, ಆನ್‌ಲೈನಿನಲ್ಲಿ ಬಲು ಅಗ್ಗಕ್ಕೆ ಸಿಗುವ ಕೆಲವು ಸ್ಟಿಕ್ ಎಎಂಡಿ ಬೋರ್ಡಿಗಷ್ಟೇ ನಡೆಯುವಂಥವು. ವಿವರಣೆಯ ಕೊನೆಯ ಸಾಲಿನಲ್ಲಿ ಅದನ್ನು ಬರೆದಿರುತ್ತಾರೆ, ಓದದೆ ಕೊಳ್ಳಬೇಡಿ. ಮೂರನೆಯದು ಸರ್ವರ್ ರ‍್ಯಾಮ್. ಲೇಬಲ್ಲಿನಲ್ಲಿ ರಿಜಿಸ್ಟರ್ಡ್ ಎಂದಿರುವ ಡಿಡಿಆರ್3 ಮತ್ತು ಡಿಡಿಆರ್4 ಸ್ಟಿಕ್ ನಿಮ್ಮ ಸ್ಲಾಟಿಗೆ ಸರಿಯಾಗಿ ಕೂಡುತ್ತದೆ, ಆದರೆ ಸಾಮಾನ್ಯ ಡೆಸ್ಕ್‌ಟಾಪ್ ಅದರಿಂದ ಚಾಲೂ ಆಗುವುದಿಲ್ಲ.

3. ವೇಗದ ಮಿತಿ ಹಾಕುವವರು ಮೂವರು

ಪ್ರೊಸೆಸರ್ ಒಂದು, ಮದರ್‌ಬೋರ್ಡ್ ಒಂದು, ಪಕ್ಕದ ಸ್ಟಿಕ್ ಒಂದು. ಮೂರರಲ್ಲಿ ಕಡಿಮೆ ಇದ್ದದ್ದೇ ಕೊನೆಯ ವೇಗ. ಒಂದೇ ನೊಗಕ್ಕೆ ಹೂಡಿದ ಎತ್ತುಗಳಲ್ಲಿ ಮೆಲ್ಲಗೆ ನಡೆಯುವ ಎತ್ತೇ ಗಾಡಿಯ ವೇಗ ಹೇಳುತ್ತದಲ್ಲ, ಹಾಗೆ.

ಪ್ರೊಸೆಸರಿನ ಮಿತಿ ಅದರ ತಯಾರಕರ ಜಾಲತಾಣದಲ್ಲಿ ಸಿಗುತ್ತದೆ, ಇಂಟೆಲ್ ಆದರೆ ಮೆಮೊರಿ ಟೈಪ್ಸ್ ಎಂಬ ಸಾಲು ನೋಡಿ. ನಮ್ಮ ಊರುಗಳಲ್ಲಿ ಹೆಚ್ಚು ಕಾಣುವ ಕೆಲವು: ಐ5-4570ಕ್ಕೆ ಡಿಡಿಆರ್3 1600. ಐ5-7400 ಮತ್ತು ಐ3-8100ಕ್ಕೆ 2400. ಐ5-8400, ಐ5-9400, ಐ3-10100, ಐ5-10400 ನಾಲ್ಕಕ್ಕೂ 2666. ಐ5-11400ಕ್ಕೆ 3200. ಐ5-12400ಕ್ಕೆ ಡಿಡಿಆರ್4 ಆದರೆ 3200, ಡಿಡಿಆರ್5 ಆದರೆ 4800. ರೈಜನ್ 5 2600ಕ್ಕೆ 2933, ರೈಜನ್ 5 3600 ಮತ್ತು 5600ಜಿಗೆ 3200.

ಈ ಮಿತಿ ದಾಟಲು ಕೆಲವು ಬೋರ್ಡು ಬಿಡುತ್ತವೆ, ಕೆಲವು ಬಿಡುವುದಿಲ್ಲ. ಇಂಟೆಲ್ ಕಡೆ ಎಚ್310, ಬಿ360, ಎಚ್410, ಬಿ460 ಬಿಡುವುದಿಲ್ಲ. ಜೆಡ್ ಸಾಲಿನವು ಬಿಡುತ್ತವೆ. ಬಿ560ರಿಂದ ಮುಂದೆ ಬಿ ಸಾಲಿನವೂ ಬಿಡುತ್ತವೆ. ಐ5-10400ನ್ನು ಬಿ460 ಬೋರ್ಡಿನಲ್ಲಿ ಇಟ್ಟುಕೊಂಡು 3600ರ ಸ್ಟಿಕ್ ತಂದರೆ ಅದು 2666ಕ್ಕಿಂತ ಒಂದು ಹೆಜ್ಜೆಯೂ ಮುಂದೆ ಹೋಗದು. ಹೆಚ್ಚಿಗೆ ಕೊಟ್ಟ ದುಡ್ಡು ಹೋದಂತೆಯೇ.

4. ಎಕ್ಸ್‌ಎಂಪಿ ಸ್ಟಿಕ್: ಎಲ್ಲರೂ ಎಡವುವ ಜಾಗ

ಇದೊಂದನ್ನು ನಿಧಾನವಾಗಿ ಓದಿ. ರ‍್ಯಾಮ್ ವೇಗಗಳಿಗೆ ಜೆಡೆಕ್ ಎಂಬ ಸಂಸ್ಥೆಯ ಮಾನದಂಡವಿದೆ. ಡಿಡಿಆರ್4ರಲ್ಲಿ 2133, 2400, 2666, 2933, 3200 ಅದರ ಮೆಟ್ಟಿಲುಗಳು. ಪ್ರತಿ ಸ್ಟಿಕ್ಕಿನ ಮೇಲೆ ಒಂದು ಸಣ್ಣ ಚಿಪ್ ಇದ್ದು, ‘ನಾನು ಇಷ್ಟಿಷ್ಟು ವೇಗದಲ್ಲಿ ಓಡಬಲ್ಲೆ’ ಎಂಬ ಪಟ್ಟಿ ಅದರಲ್ಲಿರುತ್ತದೆ. ಇದಕ್ಕೆ ಎಸ್‌ಪಿಡಿ ಎನ್ನುತ್ತಾರೆ. ಬೋರ್ಡು ಚಾಲೂ ಆಗುವಾಗ ಮೊದಲು ಓದುವುದು ಈ ಪಟ್ಟಿಯನ್ನೇ.

ಗೇಮಿಂಗ್‌ಗೆಂದು ಮಾರುವ, ಮೇಲೆ ಲೋಹದ ಕವಚ ಹೊದ್ದ ಅನೇಕ ಸ್ಟಿಕ್‌ಗಳಲ್ಲಿ ಡಬ್ಬಿಯ ಮೇಲಿನ 3200 ಜೆಡೆಕ್ ಪಟ್ಟಿಯಲ್ಲಿ ಇರುವುದಿಲ್ಲ. ಅದು ಎಕ್ಸ್‌ಎಂಪಿ ಎಂಬ ಪ್ರತ್ಯೇಕ ಪಟ್ಟಿಯಲ್ಲಿರುತ್ತದೆ, ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗ್ ಪರದೆಯಲ್ಲಿ) ನೀವೇ ಚಾಲೂ ಮಾಡಬೇಕು. ಮಾಡದಿದ್ದರೆ ಸ್ಟಿಕ್ ಜೆಡೆಕ್ ಪಟ್ಟಿಯ ವೇಗಕ್ಕೆ ಬೀಳುತ್ತದೆ, ಎಷ್ಟೋ ಸಲ ಅದು 2133 ಅಥವಾ 2400.

ಒಂದು ಲೆಕ್ಕ ನೋಡಿ. ಐ5-9400, ಎಚ್310 ಬೋರ್ಡು, ಒಳಗೆ 8 ಜಿಬಿಯ 2666 ಸ್ಟಿಕ್ ಒಂದು. ಈಗ ಅದು 2666ರಲ್ಲಿ ಓಡುತ್ತಿದೆ. ಪಕ್ಕಕ್ಕೆ 3200ರ ಎಕ್ಸ್‌ಎಂಪಿ ಸ್ಟಿಕ್ ಹಾಕಿದಿರಿ, ಅದರ ಜೆಡೆಕ್ ಪಟ್ಟಿ 2133ಕ್ಕೆ ಮುಗಿಯುತ್ತದೆ. ಬೋರ್ಡಿನಲ್ಲಿ ಎಕ್ಸ್‌ಎಂಪಿ ಆಯ್ಕೆಯೇ ಇಲ್ಲ. ಎರಡೂ 2133ಕ್ಕೆ ಇಳಿದವು. ವೇಗದ ಸ್ಟಿಕ್ ಹಾಕಿ ಮೊದಲಿದ್ದ ವೇಗವನ್ನೂ ಕಳೆದುಕೊಂಡಂತಾಯಿತು. ಡೆಲ್, ಎಚ್‌ಪಿ, ಲೆನೊವೊ ಕಚೇರಿ ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಎಕ್ಸ್‌ಎಂಪಿ ಆಯ್ಕೆ ಇರುವುದಿಲ್ಲವಾದ್ದರಿಂದ ಅವುಗಳಲ್ಲೂ ಇದೇ ಕಥೆ.

ಗುರುತಿಸುವುದು ಸುಲಭ. ಲೇಬಲ್ಲಿನಲ್ಲಿ ವೋಲ್ಟೇಜ್ ನೋಡಿ. ಡಿಡಿಆರ್4 ಸ್ಟಿಕ್ಕಿನ ಮೇಲೆ 3200, ಸಿಎಲ್16, 1.35 ವೋಲ್ಟ್ ಎಂದಿದ್ದರೆ ಎಕ್ಸ್‌ಎಂಪಿಯದು. 3200, ಸಿಎಲ್22, 1.2 ವೋಲ್ಟ್ ಎಂದಿದ್ದರೆ ಜೆಡೆಕ್‌ನದು. ಎರಡನೆಯದು ನೋಡಲು ಸಾದಾ ಹಸಿರು ಅಥವಾ ಕಪ್ಪು ಪಟ್ಟಿ, ಥಳಕು ಇಲ್ಲ. ಆದರೆ ಮಿತಿ ದಾಟಲು ಬಿಡದ ಬೋರ್ಡಿಗೆ ಅದೇ ಸರಿ, ಯಾಕೆಂದರೆ 2666ಕ್ಕೂ 2400ಕ್ಕೂ ತಕರಾರಿಲ್ಲದೆ ಇಳಿಯುತ್ತದೆ. ಮೇಲಿನ ಪ್ರಶ್ನೆ ಕೇಳಿದವರಿಗೆ ನಮ್ಮ ಉತ್ತರವೂ ಇದೇ: ಅಂಗಡಿಯಲ್ಲಿ 3200 ಮಾತ್ರ ಇದ್ದರೆ 1.2 ವೋಲ್ಟಿನದು ಕೇಳಿ ತನ್ನಿ.

ಸಿಎಲ್ ಎಂದರೆ ಕೇಳಿದ ಡೇಟಾ ಕೊಡಲು ಸ್ಟಿಕ್ ಎಷ್ಟು ಬಡಿತ ಕಾಯಿಸುತ್ತದೆ ಎಂಬ ಅಂಕಿ. ಅದನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ನ್ಯಾನೋ ಸೆಕೆಂಡಿನಲ್ಲಿ ಉತ್ತರ ಬರುತ್ತದೆ. 3200 ಸಿಎಲ್16ಕ್ಕೆ 10, 3200 ಸಿಎಲ್22ಕ್ಕೆ 13.75, 2666 ಸಿಎಲ್19ಕ್ಕೆ 14.25. ಸಿಎಲ್ ಬೇರೆ ಬೇರೆ ಇದ್ದರೆ ಬೋರ್ಡು ಎರಡಕ್ಕೂ ಒಗ್ಗುವ ನಿಧಾನದ ಅಂಕಿಯನ್ನು ತಾನೇ ಹಿಡಿಯುತ್ತದೆ. ಟ್ಯಾಲಿ, ನುಡಿ, ಬ್ರೌಸರ್ ಬಳಸುವವರು ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

5. ಲೇಬಲ್ ಓದುವುದು

ಕ್ಯಾಬಿನೆಟ್ ತೆರೆದು ಹಳೆಯ ಸ್ಟಿಕ್ಕಿನ ಫೋಟೊ ತೆಗೆಯಿರಿ. ‘8ಜಿಬಿ 1ಆರ್‌ಎಕ್ಸ್8 ಪಿಸಿ4-2666ವಿ-ಯುಎ2’ ಎಂಬಂಥ ಸಾಲು ಇಂಗ್ಲಿಷ್ ಅಕ್ಷರಗಳಲ್ಲಿ ಇರುತ್ತದೆ. 1ಆರ್ ಎಂದರೆ ಒಂದು ರ‍್ಯಾಂಕ್, ಅಂದರೆ ಚಿಪ್‌ಗಳ ಒಂದು ತಂಡ. 2ಆರ್ ಆದರೆ ಎರಡು ತಂಡ. ಎಕ್ಸ್8 ಎಂಬುದು ಒಂದೊಂದು ಚಿಪ್ಪಿನ ಅಗಲ. ಪಿಸಿ4 ಎಂದರೆ ಡಿಡಿಆರ್4. 2666ರ ಮುಂದಿನ ವಿ ಎಂದರೆ ಸಿಎಲ್19. ಅಲ್ಲಿ ಟಿ ಇದ್ದರೆ 2400 ಸಿಎಲ್17, ಎಎ ಇದ್ದರೆ 3200 ಸಿಎಲ್22. ಆಮೇಲಿನ ಯು ನಿಮಗೆ ಬೇಕಾದ ಸಾದಾ ಡೆಸ್ಕ್‌ಟಾಪ್ ಸ್ಟಿಕ್. ಎಸ್ ಲ್ಯಾಪ್‌ಟಾಪಿನದು, ಆರ್ ಸರ್ವರಿನದು.

ಕೆಲವು ಲೇಬಲ್ಲಿನಲ್ಲಿ ಪಿಸಿ4-21300 ಎಂದಿರುತ್ತದೆ. ಇದು ಸೆಕೆಂಡಿಗೆ ಎಷ್ಟು ಮೆಗಾಬೈಟ್ ಎಂಬ ಲೆಕ್ಕ. 8ರಿಂದ ಭಾಗಿಸಿದರೆ ವೇಗ ಸಿಗುತ್ತದೆ: 21300 ಎಂದರೆ 2666, 19200 ಎಂದರೆ 2400, 25600 ಎಂದರೆ 3200. ಡಿಡಿಆರ್3ರಲ್ಲಿ 12800 ಎಂದರೆ 1600. ಅಂಗಡಿಯವರಿಗೆ ಫೋನಿನಲ್ಲಿ ಬಾಯಿಮಾತಿಗೆ ಹೇಳಬೇಡಿ, ಈ ಫೋಟೊವನ್ನೇ ವಾಟ್ಸಾಪ್ ಮಾಡಿ.

6. ವೇಗ ದೊಡ್ಡದೋ, ಜೋಡಿ ದೊಡ್ಡದೋ?

ಜೋಡಿಯೇ ದೊಡ್ಡದು. ಡೆಸ್ಕ್‌ಟಾಪಿನಲ್ಲಿ ಪ್ರೊಸೆಸರಿನಿಂದ ಮೆಮೊರಿಗೆ ಎರಡು ದಾರಿಗಳಿರುತ್ತವೆ, ಇದಕ್ಕೆ ಡ್ಯುಯಲ್ ಚಾನೆಲ್ ಎನ್ನುತ್ತಾರೆ. 3200ರ ಒಂದೇ ಸ್ಟಿಕ್ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಸಾಗಿಸುತ್ತದೆ. 2666ರ ಎರಡು ಸ್ಟಿಕ್ ಕೂಡಿದರೆ 42.6. ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಪ್ರೊಸೆಸರಿನ ಒಳಗಿನ ಗ್ರಾಫಿಕ್ಸ್ ಮೇಲೆಯೇ ಓಡುವ ರೈಜನ್ 5600ಜಿಯಂಥ ಮಷಿನ್ನಿನಲ್ಲಿ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. 16 ಜಿಬಿ ಬೇಕಿದ್ದರೆ 16ರದೊಂದು ತರುವ ಬದಲು 8ರವು ಎರಡು ತನ್ನಿ. ಮುಂದೆ 32ಕ್ಕೆ ಹೋಗುವುದು ಖಚಿತವಿದ್ದು ಬೋರ್ಡಿನಲ್ಲಿ ಎರಡೇ ಸ್ಲಾಟ್ ಇದ್ದರೆ ಮಾತ್ರ ಈಗ 16ರದೊಂದು ಹಾಕಿಕೊಂಡು ಕಾಯಬಹುದು.

4 ಜಿಬಿ ಪಕ್ಕಕ್ಕೆ 8 ಜಿಬಿ ಹಾಕಿದರೂ ಇಂಟೆಲ್ ಬೋರ್ಡು ನಡೆಸುತ್ತದೆ. ಮೊದಲ 8 ಜಿಬಿ ಜೋಡಿಯಾಗಿ, ಉಳಿದ 4 ಒಂಟಿಯಾಗಿ ಓಡುತ್ತವೆ. ಡಿಡಿಆರ್5ರಲ್ಲಿ ನಾಲ್ಕೂ ಸ್ಲಾಟ್ ತುಂಬಲು ಹೋಗಬೇಡಿ. ರೈಜನ್ 7000 ಸಾಲಿನಲ್ಲಿ ಎರಡು ಸ್ಟಿಕ್ಕಿಗೆ ತಯಾರಕರು ಹೇಳುವ ವೇಗ 5200, ನಾಲ್ಕಾದರೆ ಅದೇ 3600ಕ್ಕೆ ಇಳಿಯುತ್ತದೆ.

ಸಾಧ್ಯವಾದಷ್ಟೂ ಹಳೆಯ ಸ್ಟಿಕ್ಕಿನ ಕಂಪನಿ, ವೇಗ, ಸಿಎಲ್, ರ‍್ಯಾಂಕ್ ಇರುವುದನ್ನೇ ಹುಡುಕಿ. ಸಿಗದಿದ್ದರೆ ಕಂಪನಿ ಬೇರೆಯಾದರೂ ಚಿಂತೆಯಿಲ್ಲ, ವೇಗ ಮತ್ತು ವೋಲ್ಟೇಜ್ ಹೊಂದಲಿ.

7. ಕೂಡಿಸುವುದು

ಕಂಪ್ಯೂಟರ್ ಬಂದ್ ಮಾಡಿ, ವೈರ್ ಕಿತ್ತು, ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಖಾಲಿಯಾಗುತ್ತದೆ. ಕ್ಯಾಬಿನೆಟ್ಟನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ. ವಿಜಯಪುರ, ಬಾಗಲಕೋಟೆಯ ಬೇಸಿಗೆಯ ಒಣಹವೆಯಲ್ಲಿ ಮೈಮೇಲೆ ಸ್ಥಿರ ವಿದ್ಯುತ್ ಬೇಗ ಕೂಡುತ್ತದೆ. ಪಾಲಿಯೆಸ್ಟರ್ ಅಂಗಿ, ಪ್ಲಾಸ್ಟಿಕ್ ಕುರ್ಚಿ ಅದನ್ನು ಹೆಚ್ಚಿಸುತ್ತವೆ. ಸ್ಟಿಕ್ ಮುಟ್ಟುವ ಮೊದಲು, ನಡುನಡುವೆಯೂ, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟುತ್ತಿರಿ.

ಎರೆಮಣ್ಣಿನ ಸೀಮೆಯ ಧೂಳು ನುಣ್ಣಗಿದ್ದು ಸ್ಲಾಟಿನ ತಳಕ್ಕೆ ಇಳಿದಿರುತ್ತದೆ. ಒಣ ಬ್ರಷ್‌ನಿಂದ ತೆಗೆಯಿರಿ. ಬಾಯಿಂದ ಊದಿದರೆ ಉಗುಳಿನ ಹನಿ ಬೀಳುತ್ತದೆ. ಬೆಳಗಾವಿ ಕಡೆ ಮಳೆಗಾಲದ ತೇವಕ್ಕೆ ಹಳೆಯ ಸ್ಟಿಕ್ಕಿನ ಬಂಗಾರದ ಬಣ್ಣದ ಪಿನ್‌ಗಳು ಮಂಕಾಗುವುದುಂಟು. ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ, ರಬ್ಬರಿನ ಚೂರು ಒಂದೂ ಉಳಿಯದಂತೆ ಬ್ರಷ್‌ನಿಂದ ತೆಗೆಯಿರಿ.

ಸ್ಲಾಟ್ ನಾಲ್ಕಿದ್ದರೆ ಎರಡು ಸ್ಟಿಕ್ಕನ್ನು ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯದಕ್ಕೆ ಹಾಕುವುದು ಸಾಮಾನ್ಯ ಕ್ರಮ. ಬೋರ್ಡಿನ ಕೈಪಿಡಿಯಲ್ಲಿ ಒಮ್ಮೆ ಖಚಿತ ಮಾಡಿಕೊಳ್ಳಿ. ಪಕ್ಕಪಕ್ಕಕ್ಕೆ ಹಾಕಿದರೆ ಎರಡೂ ಒಂದೇ ದಾರಿಗೆ ಬಿದ್ದು ಜೋಡಿಯ ಲಾಭ ಹೋಗುತ್ತದೆ. ಕ್ಲಿಪ್ ಅಗಲಿಸಿ, ಕಚ್ಚು ಹೊಂದಿಸಿ, ಎರಡೂ ತುದಿಗೆ ಹೆಬ್ಬೆರಳಿಟ್ಟು ನೇರವಾಗಿ ಒತ್ತಿ. ಟಕ್ ಎಂಬ ಸದ್ದಿನೊಂದಿಗೆ ಕ್ಲಿಪ್ ತಾನಾಗಿ ಮುಚ್ಚಬೇಕು. ಕ್ಲಿಪ್ಪನ್ನು ಕೈಯಿಂದ ಮುಚ್ಚಬೇಕಾಗಿ ಬಂದರೆ ಸ್ಟಿಕ್ ಪೂರ್ತಿ ಕೂತಿಲ್ಲ ಎಂದರ್ಥ.

8. ಚಾಲೂ ಮಾಡಿ ನೋಡುವುದು

ಡಿಡಿಆರ್5 ಆದರೆ ಮೊದಲ ಸಲ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು. ಬೋರ್ಡು ಮೆಮೊರಿಯನ್ನು ಪಳಗಿಸಿಕೊಳ್ಳುತ್ತಿರುತ್ತದೆ, ನಡುವೆ ಬಂದ್ ಮಾಡಬೇಡಿ. ಪರದೆ ಬಂದ ಮೇಲೆ ಡಿಲೀಟ್ ಅಥವಾ ಎಫ್2 ಒತ್ತಿ ಬಯಾಸ್‌ಗೆ ಹೋಗಿ. ಎಕ್ಸ್‌ಎಂಪಿ ಸ್ಟಿಕ್ ಇದ್ದು ಬೋರ್ಡು ಬಿಡುವುದಾದರೆ ಅದನ್ನು ಚಾಲೂ ಮಾಡಿ. ಎಎಂಡಿ ಬೋರ್ಡುಗಳಲ್ಲಿ ಇದರ ಹೆಸರು ಡಿಒಸಿಪಿ ಅಥವಾ ಎಕ್ಸ್‌ಪೋ ಇರಬಹುದು. ಎಫ್10 ಒತ್ತಿ ಉಳಿಸಿ ಹೊರಬನ್ನಿ. ವಿಂಡೋಸ್‌ನಲ್ಲಿ ಮತ್ತೆ ಟಾಸ್ಕ್ ಮ್ಯಾನೇಜರ್ ತೆರೆದು ಚೀಟಿಯ ಅಂಕಿಗಳ ಜೊತೆ ಹೋಲಿಸಿ. ಸಿಪಿಯು-ಜೆಡ್‌ನ ಮೆಮೊರಿ ಪುಟದಲ್ಲಿ ಚಾನೆಲ್ ಎದುರು ಡ್ಯುಯಲ್, ಅಥವಾ ಹೊಸ ಆವೃತ್ತಿಯಲ್ಲಿ ಡಿಡಿಆರ್4ಕ್ಕೆ 2 ಇಂಟು 64 ಬಿಟ್ ಎಂದು ಬಂದಿರಬೇಕು.

ಫ್ಯಾನ್ ತಿರುಗಿ ಪರದೆ ಬರದಿದ್ದರೆ, ಅಥವಾ ಬೀಪ್ ಸದ್ದು ನಿಲ್ಲದಿದ್ದರೆ, ವೈರ್ ಕಿತ್ತು ಎರಡೂ ಸ್ಟಿಕ್ ತೆಗೆದು ಮತ್ತೆ ಒತ್ತಿ ಕೂಡಿಸಿ. ಸರಿಯಾಗಿ ಕೂಡದಿರುವುದೇ ಇದಕ್ಕೆ ಸಾಮಾನ್ಯ ಕಾರಣ. ಆಗಲೂ ಬರದಿದ್ದರೆ ಹೊಸದನ್ನು ಒಂದೇ ಹಾಕಿ ನೋಡಿ. ಎಕ್ಸ್‌ಎಂಪಿ ಚಾಲೂ ಮಾಡಿದ ಮೇಲೆ ಪರದೆ ಹೋದರೆ ಬೋರ್ಡಿನ ಮೇಲಿರುವ, ನಾಣ್ಯದಂಥ ಸಿಆರ್2032 ಸೆಲ್ಲನ್ನು ವೈರ್ ಕಿತ್ತ ಸ್ಥಿತಿಯಲ್ಲಿ ಐದು ನಿಮಿಷ ತೆಗೆದಿಟ್ಟು ಹಾಕಿ. ಬಯಾಸ್ ಮೊದಲಿನ ಸ್ಥಿತಿಗೆ ಬರುತ್ತದೆ, ಗಡಿಯಾರ ಮತ್ತೆ ಹೊಂದಿಸಬೇಕಾಗುತ್ತದೆ.

ಚಾಲೂ ಆಯಿತೆಂದು ಅಲ್ಲಿಗೇ ಬಿಡಬೇಡಿ. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಎಂಬ ತಂತ್ರಾಂಶವನ್ನು ಪೆನ್‌ಡ್ರೈವಿನಿಂದ ಓಡಿಸಿ. 16 ಜಿಬಿಗೆ ಕೆಲವು ಗಂಟೆ ಹಿಡಿಯುತ್ತದೆ. ನಡುವೆ ಕರೆಂಟ್ ಹೋದರೆ ಮೊದಲಿನಿಂದ ಶುರು, ಆದ್ದರಿಂದ ಲೋಡ್‌ಶೆಡ್ಡಿಂಗ್ ಇಲ್ಲದ ಹೊತ್ತು ನೋಡಿಕೊಳ್ಳಿ. ಕೆಂಪು ಸಾಲಿನ ದೋಷ ಒಂದು ಬಂದರೂ ಅದನ್ನು ಕಡೆಗಣಿಸಬಾರದು. ಇಂದು ಒಂದು ದೋಷ, ನಾಳೆ ಟ್ಯಾಲಿಯ ಡೇಟಾ ಫೈಲ್ ಕೆಡಲು ಅಷ್ಟೇ ಸಾಕು.

ದೋಷ ಬಂದಾಗ ಒಂದೊಂದೇ ಸ್ಟಿಕ್ ಇಟ್ಟು ಪರೀಕ್ಷೆ ಮತ್ತೆ ಮಾಡಿ. ಎರಡೂ ಬೇರೆ ಬೇರೆಯಾಗಿ ಪಾಸಾಗಿ ಕೂಡಿದಾಗ ಮಾತ್ರ ತಪ್ಪಿದರೆ ಅದು ಹೊಂದಾಣಿಕೆಯ ತೊಂದರೆ. ಬಯಾಸ್ ಅಪ್‌ಡೇಟ್ ಮಾಡಿ, ಇಲ್ಲವೇ ವೇಗವನ್ನು ಒಂದು ಮೆಟ್ಟಿಲು ಇಳಿಸಿ, 2666 ಇದ್ದದ್ದನ್ನು 2400ಕ್ಕೆ ತಂದು ಮತ್ತೆ ಪರೀಕ್ಷಿಸಿ. ಹೊಸದು ಒಂಟಿಯಾಗಿದ್ದಾಗಲೂ ತಪ್ಪಿದರೆ ದೋಷದ ಪರದೆಯ ಫೋಟೊ ತೆಗೆದು, ಬಿಲ್ ಜೊತೆ ಅಂಗಡಿಗೆ ಒಯ್ಯಿರಿ. ಸ್ಟಿಕ್ಕಿನ ಮೇಲಿನ ಲೇಬಲ್ ಮಾತ್ರ ಕೀಳಬೇಡಿ, ಅದು ಹರಿದರೆ ವಾರಂಟಿ ಒಪ್ಪುವುದಿಲ್ಲ.